ಹನುಮಂತಮ್ಮನ ತವರಿನ ಸೀರೆ

ಬೇವೂರಿನ ಹನುಮಂತಮ್ಮನಿಗೆ ಸಾಯುವ ಭಯ ಇರಲಿಲ್ಲ. ಸತ್ತ ಮೇಲೆ ಮೈಮೇಲೆ ಯಾವ ಸೀರೆ ಬೀಳುತ್ತದೆ ಅನ್ನುವುದೇ ಆಕೆಯ ಭಯ. ಕೊಪ್ಪಳದ ಡಾಕ್ಟರು, ಮನೆಗೆ ಕರೆದುಕೊಂಡು ಹೋಗಿ, ಬೇಕು ಅಂದದ್ದು ತಿನ್ನಿಸಿ ಎಂದು ಹೇಳಿ ಕೈತೊಳೆದುಕೊಂಡ ದಿನ, ಬಸ್ಸಿನಲ್ಲಿ ಮೊಮ್ಮಗಳ ಹೆಗಲಿಗೆ ತಲೆ ಆನಿಸಿ ಕೂತಿದ್ದ ಮುದುಕಿ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು.

"ಸುರೇಖಾ, ನನ್ನ ಮ್ಯಾಲೆ ಹಾಕಾಕ ತವರಿನ ಸೀರಿ ಯಾರು ತರ್ತಾರವಾ?"

ಸುರೇಖಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಈ ಸೀಮೆಯಲ್ಲಿ ಹೆಣ್ಣು ಸತ್ತರೆ ಗಂಡನ ಮನೆಯವರು ಏನೇ ಉಡಿಸಿರಲಿ, ಎಲ್ಲಕ್ಕಿಂತ ಮೇಲೆ ತವರಿನವರು ತಂದ ಸೀರೆ ಬರಬೇಕು. ಅದು ಬರುವ ತನಕ ಹೆಣ ಎತ್ತುವುದಿಲ್ಲ. ಬದುಕಿದ್ದಾಗ ಹಬ್ಬಕ್ಕೂ ಬಂದು ಮುಖ ನೋಡದ ಅಣ್ಣತಮ್ಮಂದಿರು ಆವತ್ತು ಮಾತ್ರ ಸೀರೆ ಕಂಕುಳಲ್ಲಿ ಇಟ್ಟುಕೊಂಡು ಓಡಿ ಬರುತ್ತಾರೆ. ಅದನ್ನು ನೋಡಿ ಊರಿನ ಹೆಂಗಸರು, ಆಕೆಯ ತವರು ಗಟ್ಟಿ ಐತಿ ನೋಡವಾ ಎಂದು ಮೆಚ್ಚಿಕೊಳ್ಳುತ್ತಾರೆ. ಸುಡಗಾಡು ಮೆಚ್ಚುಗೆ! ಆದರೆ ಹನುಮಂತಮ್ಮನಿಗೆ ಅದೇ ಬೇಕಾಗಿತ್ತು. ಎಂಬತ್ತು ದಾಟಿದ ಜೀವ ಬೇರೆ ಏನನ್ನೂ ಕೇಳಿರಲಿಲ್ಲ.

ಆಕೆಯ ತವರು ಗುಂಡಿನಾಳ. ಈಗ ಆ ಊರಿಲ್ಲ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದಾಗ ನೀರಿನಡಿ ಹೋದ ಊರು ಅದು. ನೀರು ಬರುವುದು ಖಾತ್ರಿಯಾದ ವರ್ಷ ಅಲ್ಲಿ ಹೆಣ್ಣು ಹೆತ್ತವರೆಲ್ಲ ಗಡಿಬಿಡಿಯಲ್ಲಿ ಲಗ್ನ ಮಾಡಿ ಮುಗಿಸಿದರು. ನಾಳೆ ಎಲ್ಲಿ ಗುಡಿಸಲು ಹಾಕುತ್ತೇವೋ, ನೆಲೆಯಿಲ್ಲದವರ ಮನೆಯ ಹುಡುಗಿಯನ್ನು ಯಾರು ಕೇಳಿಕೊಂಡು ಬರುತ್ತಾರೋ ಎಂಬ ಹೆದರಿಕೆ. ಹತ್ತು ವರ್ಷದ ಮಗಳನ್ನು ಬೇವೂರಿಗೆ ಕೊಟ್ಟ ಹನುಮಂತಮ್ಮನ ಅಪ್ಪ ಮುದಿಯಪ್ಪ, ಬಿಚ್ಚಿದ ಮನೆಯ ತೊಲೆ, ಬಾಗಿಲು, ಬೀಸುವ ಕಲ್ಲು ಎಲ್ಲ ಬಂಡಿಗೆ ಹೇರಿಕೊಂಡು, ಹೆಂಡತಿಯನ್ನೂ ಸಣ್ಣ ಮಗನನ್ನೂ ಕರೆದುಕೊಂಡು ಹೊರಟುಹೋದ. ಎಲ್ಲಿಗೆ ಹೋದ ಎಂದು ಹುಡುಗಿಗೆ ಹೇಳಿದವರಿಲ್ಲ.

ಆಮೇಲಿನದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ಬದುಕು. ಎರೆಹೊಲದಲ್ಲಿ ಜೋಳ, ಕಡಲೆ. ಮನೆಯಲ್ಲಿ ಹಡೆದದ್ದು ಐದು, ಉಳಿದದ್ದು ಒಂದು. ಆ ಒಬ್ಬ ಮಗನೇ ಸುರೇಖಾಳ ಅಪ್ಪ, ಅವನೂ ಈಗಿಲ್ಲ. ವರ್ಷಕ್ಕೊಮ್ಮೆ ನಾಗರ ಪಂಚಮಿ ಬಂದರೆ ಓಣಿಯ ಸೊಸೆಯರನ್ನೆಲ್ಲ ತವರಿನವರು ಬಂದು ಕರೆದುಕೊಂಡು ಹೋಗುತ್ತಿದ್ದರು. ಹನುಮಂತಮ್ಮ ಎಲ್ಲರ ಗಂಟು ಕಟ್ಟಿಕೊಟ್ಟು, ಊರ ಅಗಸೆಬಾಗಿಲ ತನಕ ಹೋಗಿ ಕಳಿಸಿ, ಬಂದು ಸೆಗಣಿ ಬಳಿಯಲು ಕೂರುತ್ತಿದ್ದಳು. ಮನಸ್ಸಿನಲ್ಲಿ ಉರಿ ಎಷ್ಟಿತ್ತೋ, ಯಾರಿಗೂ ತೋರಿಸಲಿಲ್ಲ.

ಗಂಡನ ಮನೆಯಲ್ಲಿ ಹೆಸರು ಬದಲಾಯಿಸಿದ್ದರು. ಅದೇನು ದೊಡ್ಡ ಸುದ್ದಿಯಲ್ಲ ಬಿಡಿ, ಇಲ್ಲಿ ಹೆಣ್ಣುಮಕ್ಕಳಿಗೆ ಆಗುವುದೇ. ತೊಟ್ಟಿಲಲ್ಲಿ ಇಟ್ಟ ಹೆಸರು ತವರಿಗೆ. ತಲೆಮೇಲೆ ಅಕ್ಕಿಕಾಳು ಬಿದ್ದ ಮೇಲೆ ಇಟ್ಟದ್ದು ಅತ್ತೆಮನೆಗೆ. ಸುರೇಖಾಳನ್ನೂ ಕುಷ್ಟಗಿಯ ಗಂಡನ ಮನೆಯವರು ಮಲ್ಲೇಶ್ವರಿ ಮಾಡಿದ್ದರು. ಕೆಲವು ವರ್ಷ ಆ ಹೆಸರಿನಲ್ಲಿ ಬೈಸಿಕೊಂಡು, ಹೊಡೆಸಿಕೊಂಡು, ಒಂದು ದಿನ ಹೆಸರನ್ನು ಅಲ್ಲೇ ಬಿಟ್ಟು ಹೊಲಿಗೆ ಮಿಷಿನ್ ಹೇರಿಕೊಂಡು ಬಂದವಳು ಅವಳು. ಈಗ ಕುಕನೂರಿನಲ್ಲಿ ಜಂಪರ್ ಹೊಲಿಯುವ ಸಣ್ಣ ಅಂಗಡಿ. ಬಂದ ದಿನ ಅವಳನ್ನು ಬಾಗಿಲಲ್ಲಿ ತಡೆದು ಯಾಕೆ ಬಂದೆ ಎಂದು ಕೇಳದೆ, ಉಣ್ಣಲು ಕೂಡಿಸಿದವಳು ಹನುಮಂತಮ್ಮ ಒಬ್ಬಳೇ. ಅದಕ್ಕೇ ಮುದುಕಿಯ ಮಾತು ಸುರೇಖಾಳ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು.

ಸುರೇಖಾಳ ತಮ್ಮ ಹನಮೇಶನಿಗೆ ಇದೆಲ್ಲ ತಲೆನೋವು. "ಕುಕನೂರಾಗ ಒಂದು ಇಳಕಲ್ ಸೀರಿ ತಗೊಂಬಾ. ಯಾರರ ಒಬ್ಬರ ಕೈಲೆ ಹಾಕಿಸಿ ತವರಿಂದು ಅಂದ್ರಾತು. ಸತ್ತಾಕಿ ಎದ್ದು ಕೇಳ್ತಾಳನು?" ಎಂದ.

"ಸತ್ತಾಕಿ ಕೇಳಂಗಿಲ್ಲೋ, ಬದುಕಿರಾಕಿ ಕೇಳಾಕತ್ಯಾಳ," ಎಂದಳು ಸುರೇಖಾ. "ನೀ ಹೊಲಕ್ಕ ಹೋಗು. ನಿನ್ನಿಂದ ಆಗೂದಿಲ್ಲ."

ಆ ಸಂಜೆ ಅಂಬಲಿ ಕುಡಿಸುತ್ತ ಕೇಳಿದಳು. ಈ ಕಡೆ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ.

"ಅಮ್ಮ, ತವರಾಗ ನಿನಗ ಏನಂತ ಕರೀತಿದ್ರು?"

"ಏನೋ ಕರೀತಿದ್ರವಾ."

"ಏನೋ ಅಂದ್ರ? ಹೆಸರು ಹೇಳು. ಹೆಸರಿಲ್ಲದ ನಾ ಯಾರನ್ನಂತ ಹುಡುಕಲಿ?"

"ಬಾಯಾಗ ಬರಂಗಿಲ್ಲ ಬಿಡು." ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಪ್ಪ ಮುದಿಯಪ್ಪ. ಊರು ಗುಂಡಿನಾಳ, ಆ ದೊಡ್ಡ ನೀರಿನ ದಂಡಿಗೆ. ಒಬ್ಬ ತಮ್ಮ ಇದ್ದ, ಸಣ್ಣಾವ. ಅಷ್ಟು ಸಾಕು."

ವಯಸ್ಸಾಗಿದೆ, ಮರೆತಿದ್ದಾಳೆ ಎಂದುಕೊಂಡಳು ಸುರೇಖಾ. ಹೊಳೆಗೂ ಆಕೆ ದೊಡ್ಡ ನೀರು ಅಂತಲೇ ಅನ್ನುತ್ತಿದ್ದಳು. ಊರು ನುಂಗಿದ ಹೊಳೆಯ ಮೇಲಿನ ಸಿಟ್ಟಿಗೆ ಹಾಗೆ ಅನ್ನುತ್ತಾಳೆ ಎಂದು ಮನೆಯವರೆಲ್ಲ ತಿಳಿದಿದ್ದರು.

ಸುರೇಖಾ ಅಂಗಡಿಗೆ ಬೀಗ ಹಾಕಿ ಕಚೇರಿ ಅಲೆದಳು. ಕೊಪ್ಪಳದಲ್ಲಿ ಒಬ್ಬ, ಮುಳುಗಡೆ ಊರಿನ ಕಾಗದ ಇಲ್ಲಿಲ್ಲ, ಗಂಗಾವತಿಗೆ ಹೋಗ್ರಿ ಎಂದ. ಗಂಗಾವತಿಯಲ್ಲಿ ಇನ್ನೊಬ್ಬ, ನಿಜಾಮರ ಕಾಲದ್ದೆಲ್ಲ ಉರ್ದುವಿನಾಗ ಇದ್ವು, ಓದೋರಿಲ್ಲದ ಗೆದ್ದಲ ತಿಂದ್ವು ಎಂದ. ತನ್ನ ಕಾಲದಲ್ಲಿ ಆಗಿದ್ದಲ್ಲವಲ್ಲ ಎಂಬ ಸಮಾಧಾನ ಅವನ ಮುಖದಲ್ಲಿ. ಶಾಲೆಯ ದಾಖಲೆ ಕೇಳೋಣವೆಂದರೆ ಮುದುಕಿ ಶಾಲೆಯ ಮೆಟ್ಟಿಲು ಹತ್ತಿದವಳೇ ಅಲ್ಲ. ಇದ್ದ ಒಂದು ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ ಒಂದು. ಬೇವೂರಿನ ಅರ್ಧ ಮುದುಕರು ಅವತ್ತೇ ಹುಟ್ಟಿದ್ದಾರೆ. ಊರು ಮುಳುಗಿಸುವಾಗ ಮನೆ, ಹೊಲ, ಬಾವಿ, ಮರ ಎಲ್ಲ ಎಣಿಸಿ ಬರೆದುಕೊಂಡಿದ್ದರಂತೆ. ಆ ಹೊತ್ತಿಗೆ ಲಗ್ನವಾಗಿ ಹೋದ ಹುಡುಗಿಯರನ್ನು ಯಾಕೆ ಬರೆಯುತ್ತಾರೆ? ಅವರು ಬೇರೆ ಮನೆಯ ಲೆಕ್ಕ.

ಕೊನೆಗೆ ದಾರಿ ತೋರಿಸಿದ್ದು ಅವಳ ಅಂಗಡಿಯೇ. ಜಂಪರ್ ಅಳತೆ ಕೊಡಲು ಬಂದ ಹೆಂಗಸರನ್ನೆಲ್ಲ, ಗುಂಡಿನಾಳದ ಕಡೆಯವರು ಯಾರಾದರೂ ಗೊತ್ತೇನ್ರಿ ಎಂದು ಕೇಳಿ ಕೇಳಿ ಬಾಯಿ ನೋಯಿಸಿಕೊಂಡಿದ್ದಳು. ಒಂದು ದಿನ ಮಾಳವ್ವ ಎಂಬಾಕೆ, ತನ್ನ ಗಂಡನ ಸೋದರತ್ತೆಯ ಮನೆಯವರು ಆ ಮುಳುಗಡೆ ಊರಿನವರೇ, ಒಂದಿಷ್ಟು ಮನೆಗಳು ಆನೆಗುಂದಿಯ ಹತ್ತಿರ ಹನುಮನಹಳ್ಳಿಯಲ್ಲಿ ಇವೆ ಎಂದಳು. "ಅಲ್ಲಿ ಮುದಿಯಪ್ಪನ ಮಗ ಹುಲಗಪ್ಪ ಅಂತ ಒಬ್ಬ ಹಿರಿಯಾ ಅದಾನ. ಭಾಳ ಸಿಟ್ಟಿನ ಮನಿಶ್ಯಾ. ಹುಷಾರಿಲೆ ಮಾತಾಡು."

ಮಾರನೆಯ ದಿನವೇ ಸುರೇಖಾ ಹೊರಟಳು. ಶನಿವಾರ ಬೇರೆ, ಅಂಜನಾದ್ರಿ ಹತ್ತುವ ಜನರಿಂದ ಹನುಮನಹಳ್ಳಿಯ ರಸ್ತೆ ಗಿಜಿಗುಡುತ್ತಿತ್ತು. ಹುಲಗಪ್ಪನ ಮಗ ಮನೆ ಮುಂದಿನ ಜಾಗದಲ್ಲಿ ಯಾತ್ರಿಕರ ಗಾಡಿ ನಿಲ್ಲಿಸಿಕೊಳ್ಳುವುದರಲ್ಲಿ ಮುಳುಗಿದ್ದ. ಒಳಗೆ ಹೋಗ್ರಿ ಎಂದು ಕೈ ತೋರಿಸಿದ. ಕಟ್ಟೆಯ ಮೇಲೆ ತಲೆಗೆ ಬಿಳಿ ಪಟಗ ಸುತ್ತಿದ ಒಣಕಲು ಮುದುಕ ಕೂತಿದ್ದ.

"ಗುಂಡಿನಾಳದ ಮುದಿಯಪ್ಪನ ಮಗ ನೀವೇನ್ರಿ?"

"ಹೌದು. ನೀ ಯಾರ ಪೈಕಿ?"

"ನಿಮ್ಮಪ್ಪ ಒಬ್ಬಾಕಿ ಮಗಳನ್ನ ಬೇವೂರಿಗೆ ಕೊಟ್ಟಿದ್ನೇನ್ರಿ?"

ಮುದುಕನ ಮುಖ ಕಲ್ಲಾಯಿತು. "ಬೇವೂರಿನ ಹೆಸರು ಎತ್ತಬ್ಯಾಡ ನನ್ನ ಮುಂದ. ನೀರು ಕುಡದು ಎದ್ದು ಹೋಗು."

"ಹನುಮಂತಮ್ಮ ಅಂತ ನಮ್ಮಮ್ಮ..."

"ಯಾವ ಹನುಮಂತಮ್ಮನೂ ನಮ್ಮ ಮನ್ಯಾಗ ಹುಟ್ಟಿಲ್ಲ. ನಮಗ ಇದ್ದಾಕಿ ಒಬ್ಬಾಕಿ ಅಕ್ಕ, ಹೊಳಿಯಮ್ಮ. ಆಕಿ ಸತ್ತು ನಲ್ವತ್ತು ವರ್ಷ ಆಗಾಕ ಬಂತು. ಮಣ್ಣಿಗೆ ನಾನೇ ಹೋಗಿದ್ದೆ. ತವರಿನ ಸೀರಿ ನಾನೇ ಹಾಕಿಸೀನಿ."

ಸುರೇಖಾ ಸುಸ್ತಾಗಿ ಕೂತುಬಿಟ್ಟಳು. ಇಷ್ಟು ಅಲೆದದ್ದು ಬೇರೆ ಯಾರದ್ದೋ ತವರಿಗೆ! ಎದ್ದು ಹೋಗಬೇಕು ಅನ್ನುವಾಗ ಹೆಸರು ಮತ್ತೆ ಕಿವಿಗೆ ಬಡಿಯಿತು. ಹೊಳಿಯಮ್ಮ ಅಂದರೆ ಅವಳ ಮುತ್ಯಾನ ತಾಯಿ, ಹನುಮಂತಮ್ಮನ ಅತ್ತೆ. ಸುರೇಖಾ ಇನ್ನೂ ಸಣ್ಣವಳಿದ್ದಾಗ ತೀರಿಕೊಂಡ ಗಟ್ಟಿ ಗಂಟಲಿನ ಮುದುಕಿ. ಅವಳೂ ಸತ್ತು ನಲವತ್ತು ವರ್ಷದ ಹತ್ತಿರವೇ ಆಯಿತು.

"ಬೇವೂರಾಗ ಯಾರ ಮನಿರಿ ಅದು? ಎಲ್ಲೈತ್ರಿ?"

"ಹನುಮಪ್ಪನ ಗುಡಿ ಹಿಂದ. ಕಲ್ಲಿನ ಕಟ್ಟಿ, ತಲಬಾಗಿಲಕ್ಕ ಹಿತ್ತಾಳಿ ಹೂವು. ಅಲ್ಲಿಗೆ ನಾ ಎರಡು ಸಲ ಹೋಗೀನಿ." ಸಿಟ್ಟಿನಲ್ಲೇ ಮುದುಕ ಹೇಳಿಕೊಂಡು ಹೋದ. ಲಗ್ನದಲ್ಲಿ ಬೀಗತಿ ಅವನ ಅಪ್ಪನಿಗೆ, ನಿಮಗೊಂದು ಹೊಸ್ತಿಲಾಗುವ ತನಕ ಮಗಳನ್ನು ಕರೆಯಲು ಬರಬೇಡಿ ಎಂದಿದ್ದಳಂತೆ. ಅಪ್ಪ ಕಾಲುವೆಯ ಕೆಲಸದಲ್ಲಿ ಮಣ್ಣು ಹೊತ್ತು ಹೊತ್ತು, ಹೊಸ್ತಿಲು ಕಾಣದೆಯೇ ಸತ್ತ. ಹುಲಗಪ್ಪ ದುಡಿಯುವವನಾದ ಮೇಲೆ ಒಂದು ಪಂಚಮಿಗೆ ಉಂಡೆ ಕಟ್ಟಿಸಿಕೊಂಡು ಬೇವೂರಿಗೆ ಹೋದ. ಹೊಳಿಯಮ್ಮನ ಮನೆ ಯಾವುದು ಎಂದು ಕೇಳಿದರೆ ಊರವರು ತೋರಿಸಿದರು. ಬಾಗಿಲು ತೆರೆಯದೆಯೇ ಒಳಗಿನಿಂದ ಒಬ್ಬ ಹೆಂಗಸು, "ಈ ಮನ್ಯಾಗ ಹೊಳಿಯಮ್ಮ ಅಂದ್ರ ನಾನೊಬ್ಬಾಕೆ. ನನಗ ನಿನ್ನಂಥಾ ತಮ್ಮ ಇಲ್ಲ, ನಡಿ," ಎಂದು ಅಟ್ಟಿದಳು. ಮುಖ ಕಾಣಲಿಲ್ಲ, ಕೇಳಿದ್ದು ದನಿ ಮಾತ್ರ. ಅಕ್ಕನೇ ಹೀಗೆ ಅಂದಳು, ನಮ್ಮ ಬಡತನಕ್ಕೆ ನಾಚಿದ್ದಾಳೆ ಎಂದುಕೊಂಡು ಉಂಡೆಯನ್ನು ದಾರಿಯಲ್ಲಿ ದನಕ್ಕೆ ಹಾಕಿ ಬಂದ.

"ಆಮ್ಯಾಲೆ ಒಂದಿನ ಕುಕನೂರು ಸಂತ್ಯಾಗ ಬೇವೂರಿನಾವ ಒಬ್ಬ, ಗುಡಿ ಹಿಂದಿನ ಮನಿ ಹೊಳಿಯಮ್ಮ ಹೋದ್ಲು ಅಂದ. ಸಿಟ್ಟು ಅಲ್ಲೇ ಸತ್ತು ಹೋತು ನೋಡು. ಸಂತ್ಯಾಗ ಒಂದು ಹಸರು ಸೀರಿ ತಗೊಂಡು ಓಡಿದೆ. ಹೆಣ ಗ್ವಾಡಿಗೆ ಕುಂದ್ರಿಸಿದ್ರು. ನೋಡತೀನಿ, ನಲ್ವತ್ತರ ಅಕ್ಕ ಹಣ್ಣು ಹಣ್ಣು ಮುದುಕಿ! ಬಾಯಾಗ ಹಲ್ಲಿಲ್ಲ, ತಲಿ ಎಲ್ಲಾ ಬೆಳ್ಳಗ. ಎಷ್ಟು ದುಡಿಸಿ, ಎಷ್ಟು ಉಪವಾಸ ಕೆಡವಿದ್ರ ಹಿಂಗ ಆಗಿದ್ದಾಳು ಅಂತ ನನ್ನ ಹೊಟ್ಟಿ ಉರದು ಹೋತು. ನೆಲಕ್ಕ ಬಿದ್ದು ಬೋರ್ಯಾಡಿ ಅತ್ತೆ. ನಮ್ಮ ಹುಡಿಗೀನ ತಿಂದ್ರಲ್ಲೋ ಅಂತ ಮನಿಯವರಿಗೆಲ್ಲ ಬೈದೆ. ಅವರೊಳಗ ಒಬ್ಬಾಕಿ ಚರಿಗಿ ತುಂಬ ನೀರು ತಂದ್ಲು, ಅದನ್ನ ಅಂಗಳಕ್ಕ ಚೆಲ್ಲಿ ಹೊಳ್ಳಿ ನೋಡದಂಗ ಬಂದೆ."

ಸುರೇಖಾಳಿಗೆ ಈಗ ತಿಳಿಯಿತು. ಒಂದು ಮನೆಯಲ್ಲಿ ಅತ್ತೆ ಸೊಸೆಗೆ ಒಂದೇ ಹೆಸರು ಇರಲಾಗದು. ಅದಕ್ಕೆ ಹತ್ತು ವರ್ಷದ ಹೊಳಿಯಮ್ಮನ ಹೆಸರು ಕಿತ್ತು ಹನುಮಂತಮ್ಮ ಎಂದು ಅಂಟಿಸಿದ್ದರು. ಸೊಸೆಯಾದವಳು ಅತ್ತೆಯ ಹೆಸರು ಬಾಯಲ್ಲಿ ಹಿಡಿಯಬಾರದು. ಅದಕ್ಕೆ ಮುದುಕಿ ಎಪ್ಪತ್ತು ವರ್ಷ ತನ್ನ ಹೆಸರನ್ನು ತಾನೇ ಹೇಳಲಿಲ್ಲ, ಹೊಳೆಗೆ ಹೊಳೆ ಅನ್ನಲಿಲ್ಲ. ಮರೆತಿರಲಿಲ್ಲ ಆಕೆ. ಅಯ್ಯೋ, ಮರ್ಯಾದೆಯಂತೆ ಮರ್ಯಾದೆ, ಬೆಂಕಿ ಬಿತ್ತು ಇದಕ್ಕೆ!

"ಅಜ್ಜಾ," ಎಂದಳು. "ಅವತ್ತು ಸತ್ತಾಕಿ ನಿಮ್ಮಕ್ಕ ಅಲ್ಲರಿ. ನಿಮ್ಮಕ್ಕನ ಅತ್ತಿ. ಆಕಿ ಹೆಸರೂ ಹೊಳಿಯಮ್ಮ. ನಿಮ್ಮಕ್ಕ ಅದಾಳ. ಇವತ್ತೋ ನಾಳೆಯೋ ಅನ್ನೂವಂಗ ಅದಾಳ. ತವರಿನ ಸೀರಿ ಬೇಕು ಅಂತ ನನ್ನ ಕಳಸ್ಯಾಳ."

ಹುಲಗಪ್ಪ ತಕ್ಷಣ ನಂಬಲಿಲ್ಲ. ನಂಬಿದ ಮೇಲೆ ಎರಡೂ ಕೈಯಿಂದ ತಲೆ ಚಚ್ಚಿಕೊಂಡು, "ವರ್ಷಾ ಹಿರೇರ ಹಬ್ಬಕ್ಕ ಸತ್ತವರ ಜೋಡಿ ಆಕಿಗೂ ಎಡಿ ಹಿಡದೀನಲ್ಲವಾ, ಬದುಕಿರಾಕಿಗೆ," ಎಂದ.

ಮರುದಿನ ಮಧ್ಯಾಹ್ನ ಮಗನ ಗಾಡಿಯಲ್ಲಿ ಬೇವೂರಿಗೆ ಬಂದಿಳಿದ. ಗಂಗಾವತಿಯಲ್ಲಿ ಕೊಂಡ ಇಳಕಲ್ ಸೀರೆ ಎದೆಗೆ ಅವಚಿಕೊಂಡಿದ್ದ. ಇನ್ನು ತುಳಿಯುವುದಿಲ್ಲ ಎಂದು ಬಿಟ್ಟುಹೋಗಿದ್ದ ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತು, ಒಳಗೆ ಬಂದ. ಸುರೇಖಾ ರಾತ್ರಿಯೇ ಅಜ್ಜಿಗೆ ಎಲ್ಲ ಹೇಳಿದ್ದಳು. ಸಂತೋಷದಿಂದ ಜೀವ ಹೋಗಿಬಿಟ್ಟೀತೆಂದು ಹೆದರಿದ್ದಳು. ಮುದುಕಿ ಮಾತ್ರ ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡು, ಅವತ್ತು ಅವನು ತಂದಿದ್ದ ಸೀರೆಯ ಬಣ್ಣ ಯಾವುದಿತ್ತಂತೆ ಎಂದು ಕೇಳಿ, ಹಸಿರು ಎಂದ ಮೇಲೆ ಕಣ್ಣು ಮುಚ್ಚಿದ್ದಳು.

"ಹೊಳಿಯಕ್ಕಾ," ಎಂದ ಹುಲಗಪ್ಪ, ಹಾಸಿಗೆಯ ಬದಿಗೆ ಕುಸಿದು.

ಹನುಮಂತಮ್ಮನ ಕೈ ತಾನಾಗಿಯೇ ಮೇಲೆದ್ದು ತಲೆಯ ಮೇಲೆ ಸೆರಗು ಎಳೆದುಕೊಂಡಿತು. "ಆ ಹೆಸರು ಹಿಡಿಬ್ಯಾಡಪ್ಪಾ, ಹಿರೇರ ಹೆಸರು," ಎಂದಳು.

ಸುರೇಖಾಳಿಗೆ ಗೋಡೆಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. "ಅದು ನಿನ್ನ ಹೆಸರಮ್ಮ! ನಿನ್ನ ಹೆಸರು!"

"ಇರಲಿ ಬಿಡವಾ." ಮುದುಕಿ ತಮ್ಮನ ಮುಖವನ್ನೇ ನೋಡುತ್ತಿದ್ದಳು. "ಅವತ್ತು ಭಾಳ ಅತ್ತೆಲ್ಲೋ ತಮ್ಮಾ."

"ನಿನಗೇ ಅತ್ತೆ ಅಕ್ಕಾ. ನೀ ಹೋದಿ ಅಂತ ಅತ್ತೆ."

"ಹೂಂ. ನಾ ಅಲ್ಲೇ ನಿಂತಿದ್ದೆ. ನೀ ಚೆಲ್ಲಿದ ನೀರು ನಾ ತಂದದ್ದು." ಉಸಿರು ಸಾಲದೆ ನಿಲ್ಲಿಸಿದಳು. "ಅತ್ತಿ ತವರಾಗ ಯಾರೂ ಉಳದಿಲ್ಲ ಅಂತ ತಿಳದಿದ್ವಿ. ನೀ ಬಂದು ಬೋರ್ಯಾಡಿ ಅತ್ತದ್ದು ನೋಡಿ ಹೊಟ್ಟಿಕಿಚ್ಚಾತು ನನಗ. ಜೀವಮಾನ ಎಲ್ಲಾ ನನ್ನ ಗೋಳಾಡಿಸಿದಾಕಿಗೆ ಇಂಥಾ ತವರು ಕೊಟ್ಟ್ಯಲ್ಲೋ ಹನುಮಪ್ಪಾ, ನನಗ್ಯಾಕ ಕೊಡಲಿಲ್ಲ ಅಂದೆ. ಆ ಹಸರು ಸೀರಿ ಆಕಿಗೆ ಉಡಿಸಿದಾಕಿ ನಾನೇ. ಭಾಳ ಛಲೋ ಸೀರಿ ಐತಿ ಅಂತ ನಿರಿಗಿ ಹಿಡದು ಹಿಡದು ಉಡಿಸಿದೆ."

ಹುಲಗಪ್ಪ ಪಟಗದ ತುದಿಯನ್ನು ಬಾಯಿಗೆ ತುರುಕಿಕೊಂಡು ಅತ್ತ. ಸುರೇಖಾಳ ಮುತ್ಯಾನಿಗೆ, ಅಂದರೆ ಹನುಮಂತಮ್ಮನ ಗಂಡನಿಗೆ, ಹೆಂಡತಿಯ ಹಳೆಯ ಹೆಸರು ಗೊತ್ತಿದ್ದೇ ಇತ್ತಲ್ಲ. ಅವತ್ತು ಅತ್ತವನು ಯಾರೆಂದು ಅವನಿಗೆ ಹೊಳೆಯಲಿಲ್ಲವೋ, ಹೊಳೆದೂ ಬಾಯಿ ಬಿಡಲಿಲ್ಲವೋ. ಅವನನ್ನು ಈಗ ಕೇಳುವಂತಿಲ್ಲ, ಮಣ್ಣಾಗಿ ಹತ್ತು ವರ್ಷವಾಗಿದೆ. ಹೆಂಡತಿಯ ಸಂಕಟ ಗಂಡಸಿಗೆ ಹೊಳೆಯಬೇಕು ಅಂತ ಈ ಊರಿನಲ್ಲಿ ಯಾರೂ ಕಾಯುವುದೂ ಇಲ್ಲ.

ಹುಲಗಪ್ಪ ಸಾವರಿಸಿಕೊಂಡು ಹೊಸ ಸೀರೆಯನ್ನು ಅಕ್ಕನ ಕೈಗಿಟ್ಟ. "ಈಗ ತಂದೀನಿ ನೋಡಕ್ಕ. ಇದು ನಿಂದೇ."

ಮುದುಕಿ ಬೆರಳಿನಿಂದ ದಡಿ ಸವರಿದಳು, ಸೆರಗಿನ ತುದಿ ಬಿಡಿಸಿ ನೋಡಿದಳು. ಸುರೇಖಾ ಹಾಸಿಗೆಯ ಹತ್ತಿರ ಬಂದಳು. ಇಷ್ಟೆಲ್ಲ ಅಲೆದದ್ದು ಈ ಗಳಿಗೆಗೇ ಅಲ್ಲವೇ.

"ಛಲೋ ಐತಿ," ಎಂದಳು ಹನುಮಂತಮ್ಮ. "ನಿನ್ನ ಸೊಸಿಗೆ ಉಡಸು. ಹಬ್ಬಕ್ಕ ಉಡ್ಲಿ."

"ಅಕ್ಕಾ!"

"ಒಬ್ಬಾಕಿ ಹೆಣ್ಮಗಳಿಗೆ ತವರಿನ ಸೀರಿ ಒಂದೇ ಸಲ. ನಂದು ಮಣ್ಣಾಗ ಹೋಗೇತಿ, ಅತ್ತಿ ಸಂಗಾಟ." ಸೀರೆಯನ್ನು ಅವನ ಮಡಿಲಿಗೆ ತಳ್ಳಿ ಗೋಡೆಯ ಕಡೆ ಹೊರಳಿದಳು. ಎಷ್ಟು ಬೇಡಿಕೊಂಡರೂ ಮತ್ತೆ ಈ ಕಡೆ ಹೊರಳಲಿಲ್ಲ. ಹುಲಗಪ್ಪ ಸಂಜೆಯ ತನಕ ಕೂತು, ಹೋಗುವಾಗ ಸುರೇಖಾಳ ಫೋನಿನಲ್ಲಿ ತನ್ನ ಮಗನ ನಂಬರು ಹಾಕಿಸಿದ. ಯಾವ ಹೊತ್ತಿನಲ್ಲಾದರೂ ಫೋನ್ ಮಾಡು, ಓಡಿ ಬರುತ್ತೇನೆ ಎಂದ. ಸೀರೆಯನ್ನು ಜಗುಲಿಯ ಮೇಲೆ ಬಿಟ್ಟು ಹೋಗಲು ನೋಡಿದ. ಒಳಗಿನಿಂದಲೇ ಮುದುಕಿ, "ಸುರೇಖಾ, ಅದನ್ನ ಗಾಡಿಯಾಗ ಇಟ್ಟು ಬಾ," ಎಂದು ಕೂಗಿದಳು. ಅಷ್ಟು ಗಟ್ಟಿ ದನಿ ಆ ಮೈಯಲ್ಲಿ ಇನ್ನೂ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಆಕೆ ಹೆಚ್ಚು ದಿನ ಇರಲಿಲ್ಲ. ಮಾತು ನಿಲ್ಲುವ ಮುನ್ನ ಸುರೇಖಾಳನ್ನು ಹತ್ತಿರ ಕರೆದು ಹೇಳಿದಳು, "ನಾ ಹೋದ ಮ್ಯಾಲೆ ಹುಲಗಪ್ಪಗ ಸುದ್ದಿ ಕಳಸಬ್ಯಾಡ. ಅವ ನನಗ ಒಮ್ಮೆ ಅತ್ತು ಮುಗಿಸ್ಯಾನ."

"ಮತ್ತ ನಾ ಅಷ್ಟು ಅಲೆದದ್ದು ಯಾಕಮ್ಮ?" ಎಂದು ಸುರೇಖಾ ಅಳುತ್ತ ಕೇಳಿದಳು.

"ತಿಳೀತಲ್ಲ. ನನಗೂ ತವರಿತ್ತು," ಎಂದಳು ಮುದುಕಿ.

ಸತ್ತ ದಿನ ಬೆಳಿಗ್ಗೆಯಿಂದ ಅಂಗಳ ತುಂಬಿತ್ತು. ಸುರೇಖಾ ಅಜ್ಜಿಗೆ ಮೈತೊಳೆದು, ಪೆಟ್ಟಿಗೆಯಲ್ಲಿದ್ದ ಒಗೆದ ಸೀರೆ ಉಡಿಸಿದಳು. ಫೋನನ್ನು ಕೈಗೆ ತೆಗೆದುಕೊಂಡಳು, ನಂಬರು ತೆರೆದಳು, ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ಬಿಸಿಲು ಏರುತ್ತಿತ್ತು. ಹಲಗೆ ಬಾರಿಸುವವರು ಎರಡು ಸಲ ಬಂದು ಕೇಳಿ ಹೋದರು. ಕೊನೆಗೆ ಊರಿನ ಹಿರಿಯರೊಬ್ಬರು ಬಾಗಿಲಿಗೆ ಬಂದು, "ತವರಿನವರು ಬರಬೇಕೇನವಾ? ಎಷ್ಟೊತ್ತು ಕಾಯೂನು?" ಎಂದರು.

"ಕಾಯಬ್ಯಾಡ್ರಿ," ಎಂದಳು ಸುರೇಖಾ. "ಅವರು ಬಂದು, ಅತ್ತು ಹೋಗ್ಯಾರ. ಎತ್ರಿ."